ಒಂದು ವಾರದ ಸಂಗೀತ ಚಟುವಟಿಕೆ, 22 ಪುಟ್ಟ ಮಕ್ಕಳು: ನನ್ನ ಯೋಜನೆ ಎಲ್ಲಿ ತಪ್ಪಿತು?

ಪುಟ್ಟಹೆಜ್ಜೆ

ಎಲ್ಲರಿಗೂ ನಮಸ್ಕಾರ. ಶಾಲಾಪೂರ್ವ ತರಗತಿಯಲ್ಲಿ ನನಗಿದು ಎರಡನೆಯ ವರ್ಷ. ಮೂರೂವರೆಯಿಂದ ಐದು ವರ್ಷದೊಳಗಿನ 22 ಮಕ್ಕಳು, ನಾನು, ಮತ್ತು ಒಬ್ಬರು ಸಹಾಯಕಿ. ಈ ವಾರದ ವಿಷಯ ಸಂಗೀತ ಎಂದು ತಿಳಿದಾಗ ತುಂಬಾ ಸಂತೋಷಪಟ್ಟಿದ್ದೆ. ಎರಡು ರಾತ್ರಿ ಕುಳಿತು 14 ಚಟುವಟಿಕೆಗಳ ಪಟ್ಟಿ ಮಾಡಿದೆ. ಗಿಲಕಿ ತಯಾರಿಸುವುದು, ವಾದ್ಯಗಳ ಚಿತ್ರ ಗುರುತಿಸುವುದು, ಹಾಡಿಗೆ ಅಭಿನಯ, ನೀರು ತುಂಬಿದ ಲೋಟಗಳ ನಾದ, ದಿನಕ್ಕೊಂದು ಹೊಸ ಹಾಡು, ಹೀಗೆ.

ಮೊದಲ ದಿನವೇ ಎಲ್ಲವೂ ಕೈಮೀರಿತು. ಬುಟ್ಟಿಯಲ್ಲಿದ್ದ ವಾದ್ಯಗಳನ್ನೆಲ್ಲ ಒಮ್ಮೆಗೇ ಹಂಚಿದೆ. ಮರುಕ್ಷಣ ನನ್ನ ದನಿ ನನಗೇ ಕೇಳಿಸದಷ್ಟು ಗದ್ದಲ. ಇದ್ದ ಒಂದೇ ಝೈಲೋಫೋನಿಗಾಗಿ ಇಬ್ಬರು ಎಳೆದಾಡಿದರು. ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರಿದ. ಏಳನೆಯ ನಿಮಿಷಕ್ಕೆ ಎಲ್ಲವನ್ನೂ ಹಿಂದಕ್ಕೆ ಪಡೆದೆ. ಕೊಟ್ಟು ಕಿತ್ತುಕೊಂಡಂತಾಯಿತು, ಮೂವರು ಅತ್ತರು.

ನಾನು ಸಂಗೀತ ಕಲಿತವಳಲ್ಲ. ಹಾಡಲು ಬರುತ್ತದೆ, ಅಷ್ಟೆ. ಚಟುವಟಿಕೆಗಳನ್ನು ಯಾವ ಕ್ರಮದಲ್ಲಿ ಇಡಬೇಕು? ಒಂದು ಬಾರಿಗೆ ಎಷ್ಟು ಹೊತ್ತು? ಧ್ವನಿಮುದ್ರಿತ ಹಾಡು ಹಾಕುವುದೋ, ನಾನೇ ಹಾಡುವುದೋ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೆಲುದನಿ

ಪುಟ್ಟಹೆಜ್ಜೆ ಅವರೇ, ಹದಿನೆಂಟು ವರ್ಷಗಳಿಂದ ಇದೇ ವಯಸ್ಸಿನ ಮಕ್ಕಳ ಜೊತೆ ಇದ್ದೇನೆ. ನಿಮ್ಮ ಪಟ್ಟಿಯಲ್ಲಿ ಕೆಟ್ಟ ಚಟುವಟಿಕೆ ಒಂದೂ ಇಲ್ಲ. 14 ಇದ್ದದ್ದೇ ತೊಂದರೆ. ನಾಲ್ಕನ್ನು ಇಟ್ಟುಕೊಂಡು ಉಳಿದವನ್ನು ತಿಂಗಳುಗಳಿಗೆ ಹಂಚಿ. ದಿನಕ್ಕೊಂದು ಹೊಸ ಹಾಡು ಎಂದಿರಲ್ಲ, ಅದನ್ನಂತೂ ಇವತ್ತೇ ಬಿಟ್ಟುಬಿಡಿ. ವಾರಕ್ಕೆ ಒಂದು ಹೊಸ ಹಾಡು ಸಾಕು. ಈ ವಯಸ್ಸಿನ ಮಗುವಿಗೆ ಒಂದೇ ಹಾಡನ್ನು ಹತ್ತನೆಯ ಸಲ ಹಾಡುವುದರಲ್ಲಿ ಬೇಸರ ಇರುವುದಿಲ್ಲ. ಬೇಸರ ಬರುವುದು ನಮಗೆ.

ಹೊಸ ಹಾಡನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿಸಬೇಡಿ. ಮೊದಲ ದಿನ ನೀವು ಹಾಡಿ, ಅವರು ಸುಮ್ಮನೆ ಕೇಳಲಿ. ಬೇಕಾದರೆ ಆಟದ ನಡುವೆ, ಚಾಪೆ ಮಡಚುವಾಗ, ಇನ್ನೆರಡು ಸಲ ಹಾಡಿ. ಎರಡನೆಯ ದಿನ ಕೈಯ ಅಭಿನಯ ಮಾತ್ರ ಅವರದು. ಮೂರನೆಯ ದಿನ ಪ್ರತಿ ಸಾಲಿನ ಕೊನೆಯ ಪದಕ್ಕೆ ಬಂದಾಗ ನಿಲ್ಲಿಸಿ ಮಕ್ಕಳ ಮುಖ ನೋಡಿ. ಆ ಪದವನ್ನು ಅವರೇ ಹೇಳುತ್ತಾರೆ. ಹಾಗೆ ಬಿಟ್ಟ ಜಾಗದಿಂದಲೇ ಹಾಡು ಅವರೊಳಗೆ ಹೋಗುತ್ತದೆ. ನಾಲ್ಕನೆಯ ದಿನಕ್ಕೆ ಅರ್ಧ ತರಗತಿ ನಿಮ್ಮ ಜೊತೆ ಹಾಡುತ್ತಿರುತ್ತದೆ. ಉಳಿದರ್ಧ ಮನೆಗೆ ಹೋಗಿ ಹಾಡುತ್ತದೆ. ತರಗತಿಯಲ್ಲಿ ಬಾಯಿ ತೆರೆಯದ ಮಗು ಕಲಿಯುತ್ತಿಲ್ಲ ಎಂದುಕೊಳ್ಳಬೇಡಿ.

ಹೊತ್ತಿನ ವಿಷಯ: ಮೂರೂವರೆ ವರ್ಷದವರಿಗೆ ಒಟ್ಟಾಗಿ ಕೂರುವ ಅವಧಿ 10–15 ನಿಮಿಷ, ಐದರ ಹತ್ತಿರದವರಿಗೆ 20 ನಿಮಿಷ. ಅದರೊಳಗೂ ಏರಿಳಿತ ಬೇಕು. ನಾನು ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಹಾಡಿನಿಂದ ಶುರು ಮಾಡುತ್ತೇನೆ. ಆಮೇಲೆ ಎದ್ದು ನಿಂತು ಮೈ ಕುಣಿಸುವ ಆಟ. ಉಸಿರು ಸ್ವಲ್ಪ ಏರಿರುವಾಗಲೇ ಕೂರಿಸಿ ಹೊಸದನ್ನು ಹೇಳಿದರೆ ಕಿವಿ ತೆರೆದಿರುತ್ತದೆ. ಮುಗಿಸುವುದು ಯಾವಾಗಲೂ ಮೆಲ್ಲಗಿನ ಹಾಡಿನಿಂದ. ನೀವು ವಾದ್ಯ ಹಂಚಿದ್ದು ಶುರುವಿನಲ್ಲಿ ಅಲ್ಲವೇ? ಕುಣಿಯಬೇಕೆಂದು ಕಾಯುತ್ತಿದ್ದ ಮೈಯ ಕೈಗೆ ಕೋಲು ಸಿಕ್ಕಿತು.

ಇನ್ನು ವಾದ್ಯ. ಮೊದಲ ವಾರ ಎಲ್ಲರಿಗೂ ಒಂದೇ ಬಗೆಯದು ಕೊಡಿ. ಮಗುವಿಗೆ ಎರಡೆರಡು ಮರದ ಕೋಲು ಸಾಕು, ಜಗಳವೇ ಹುಟ್ಟುವುದಿಲ್ಲ. ನನ್ನ ತರಗತಿಯಲ್ಲಿ ಕೋಲುಗಳು "ನಿದ್ದೆ ಮಾಡುತ್ತವೆ". ಪ್ರತಿ ಮಗುವಿನ ಮುಂದೆ ನೆಲದ ಮೇಲೆ ಮಲಗಿರುತ್ತವೆ, ನಾನು ಎಬ್ಬಿಸುವವರೆಗೆ ಮುಟ್ಟುವಂತಿಲ್ಲ. ಶುರು ಮತ್ತು ನಿಲ್ಲು ಎಂಬ ಕೈಸನ್ನೆಗಳನ್ನು ವಾದ್ಯ ಕೊಡುವುದಕ್ಕೆ ಎರಡು ದಿನ ಮುಂಚೆ, ಬರಿಗೈ ಚಪ್ಪಾಳೆಯಲ್ಲೇ ಆಡಿಸಿರುತ್ತೇನೆ. ಸಂಗೀತ ನಿಂತಾಗ ಶಿಲೆಯಂತೆ ನಿಲ್ಲುವ ಆಟ ಇದಕ್ಕೆ ಬಹಳ ಒಳ್ಳೆಯದು. ಮೈಯನ್ನು ತಡೆದು ಹಿಡಿಯುವುದನ್ನು ಮಗು ಅಲ್ಲಿ ನಗುನಗುತ್ತಲೇ ಕಲಿಯುತ್ತದೆ.

ಮರದಡಿ

ಮೆಲುದನಿ ಅವರ ಮಾತಿಗೆ ಪೂರ್ತಿ ಒಪ್ಪಿಗೆ. ಧ್ವನಿಮುದ್ರಣದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನೀವೇ ಹಾಡಿ. ಕಾರಣ ಭಾವುಕತೆಯಲ್ಲ. ಧ್ವನಿಮುದ್ರಿತ ಹಾಡು ಮಗುವಿಗಾಗಿ ಕಾಯುವುದಿಲ್ಲ. ಮಗು ಎಡವಿದರೂ ಅದು ತನ್ನ ವೇಗದಲ್ಲಿ ಹೋಗುತ್ತಲೇ ಇರುತ್ತದೆ. 2009ರಲ್ಲಿ ಸೆಬಾಸ್ಟಿಯನ್ ಕಿರ್ಷ್ನರ್ ಮತ್ತು ಮೈಕೆಲ್ ಟೊಮಾಸೆಲ್ಲೊ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡೂವರೆ, ಮೂರೂವರೆ ಮತ್ತು ನಾಲ್ಕೂವರೆ ವರ್ಷದ ಮಕ್ಕಳಿಗೆ ಡೋಲು ಬಾರಿಸಲು ಕೊಟ್ಟರು. ಒಮ್ಮೆ ಜೊತೆಗಾರ ಮನುಷ್ಯ, ಒಮ್ಮೆ ಯಂತ್ರ, ಒಮ್ಮೆ ಬರೀ ಸ್ಪೀಕರಿನಿಂದ ಬರುವ ಸದ್ದು. ಮನುಷ್ಯನ ಜೊತೆ ಬಾರಿಸಿದಾಗಲೇ ಮಕ್ಕಳ ಪೆಟ್ಟು ಹೆಚ್ಚು ಸರಿಯಾಗಿ ಕೂಡಿಬಂತು. ಎದುರಿಗೆ ಕುಳಿತು ತೊಡೆ ತಟ್ಟುವ ನಿಮ್ಮ ಕೈಯ ಸ್ಥಾನವನ್ನು ಯಾವ ಸ್ಪೀಕರೂ ತುಂಬಲಾರದು.

ಮಕ್ಕಳ ಸಹಜ ನಡೆ ನಮ್ಮದಕ್ಕಿಂತ ಚುರುಕು ಎಂಬುದನ್ನೂ ಮರೆಯಬೇಡಿ. ಪುಟ್ಟ ಕಾಲು, ಪುಟ್ಟ ಹೆಜ್ಜೆ. ನಿಧಾನವಾಗಿ ಹಾಡಿದರೆ ಅವರಿಗೆ ಸುಲಭ ಎಂದು ನಾವು ಎಣಿಸುತ್ತೇವೆ, ಆದರೆ ನಿಧಾನದ ನಡೆಯನ್ನು ಹಿಡಿದಿಡುವುದೇ ಅವರಿಗೆ ಕಷ್ಟ. ಮೊದಲು ಮಗು ನಡೆಯುವುದನ್ನು ನೋಡಿ, ಆ ವೇಗಕ್ಕೆ ನೀವು ಹಾಡಿ.

ಮತ್ತೊಂದು ವಿಷಯ, ಬಹಳ ಜನ ಗಮನಿಸದೆ ಇರುವುದು: ಶ್ರುತಿ. ಈ ವಯಸ್ಸಿನವರಿಗೆ ಆರಾಮಾಗಿ ಹಾಡಲು ಸಿಗುವ ಜಾಗ ಕಿರಿದು. ಕೀಬೋರ್ಡಿನ ನಡುವಿನ ಸಿ ಸ್ವರದ ಮುಂದಿನ ಡಿ ಸ್ವರದಿಂದ ಅದರ ಮೇಲಿನ ಎ ಸ್ವರದವರೆಗೆ, ಅಂದರೆ ಸುಮಾರು 294ರಿಂದ 440 ಹರ್ಟ್ಸ್. ನಾವು ದೊಡ್ಡವರು ನಮಗೆ ಹಿತವಾದ ತಗ್ಗಿನ ಶ್ರುತಿಯಲ್ಲಿ ಶುರು ಮಾಡುತ್ತೇವೆ. ಅಷ್ಟು ಕೆಳಗಿನ ಸ್ವರ ಮಗುವಿನ ಗಂಟಲಿಗೆ ಸಿಗುವುದಿಲ್ಲ, ಅದು ಹಾಡುವ ಬದಲು ಒದರುತ್ತದೆ. ಆಗ ನಾವು "ಈ ಮಗುವಿಗೆ ಶ್ರುತಿ ಇಲ್ಲ" ಎಂದುಬಿಡುತ್ತೇವೆ. ಆ ಮಾತು ನನಗೆ ನೋವು ತರುತ್ತದೆ, ಏಕೆಂದರೆ ಜೀವನಪೂರ್ತಿ ಹಾಡದೆ ಉಳಿದ ಎಷ್ಟೋ ಜನ ಅದನ್ನು ಐದು ವರ್ಷದೊಳಗೇ ಕೇಳಿಸಿಕೊಂಡವರು.

ಗಡಸುಕಂಠ

ಮರದಡಿ ಅವರೇ, ನಾನು ಗಂಡಸು, ನನ್ನದು ದಪ್ಪ ದನಿ. ನೀವು ಹೇಳಿದಂತೆಯೇ ಆಗುತ್ತಿದೆ. ನಾನು ಹಾಡಿದರೆ ಮಕ್ಕಳೂ ಗಂಟಲು ಒತ್ತಿ ನನ್ನಂತೆ ಗುಡುಗಲು ನೋಡುತ್ತಾರೆ. ಏನು ಮಾಡಲಿ?

ಮರದಡಿ

ಎರಡು ದಾರಿಗಳಿವೆ. ಬಲ ಹಾಕದೆ ತೆಳುದನಿಯಲ್ಲಿ, ಮಗುವಿನ ಸ್ಥಾಯಿಯಲ್ಲೇ, ಮೊದಲ ಸಾಲನ್ನು ಹಾಡಿ ತೋರಿಸಿ. ಅವರು ಹಿಡಿದ ಮೇಲೆ ನಿಮ್ಮ ಸ್ಥಾಯಿಗೆ ಇಳಿಯಬಹುದು. ಅದು ಒಗ್ಗದಿದ್ದರೆ ಝೈಲೋಫೋನಿನಲ್ಲಿ ಮೊದಲ ಸ್ವರ ನುಡಿಸಿ, ಸ್ಪಷ್ಟವಾಗಿ ಹಾಡುವ ಒಂದು ಮಗುವಿನಿಂದ ಶುರು ಮಾಡಿಸಿ. ಮಕ್ಕಳು ಮಕ್ಕಳ ದನಿಯನ್ನು ಬೇಗ ಹಿಡಿಯುತ್ತಾರೆ.

ಹಾಜರಿಯನ್ನೂ ಎರಡೇ ಸ್ವರದಲ್ಲಿ ಹಾಡಿ ಕರೆಯಬಹುದು. ಪ ಸ್ವರದಿಂದ ಗ ಸ್ವರಕ್ಕೆ ಇಳಿಯುವ ಆ ಕೂಗು, ಒಬ್ಬ ಮಗು ಇನ್ನೊಬ್ಬ ಮಗುವನ್ನು ದೂರದಿಂದ ಕರೆಯುವಾಗ ತಾನಾಗಿ ಬರುವಂಥದ್ದು. ಹಂಗೇರಿಯ ಸಂಗೀತಗಾರ ಜೋಲ್ಟಾನ್ ಕೊಡಾಯ್ (1882–1967) ಅವರ ಹೆಸರಿನ ಬೋಧನಾ ಪದ್ಧತಿಯಲ್ಲಿ ಮಕ್ಕಳ ಹಾಡುಗಾರಿಕೆ ಈ ಎರಡು ಸ್ವರಗಳಿಂದಲೇ ತೊಡಗುತ್ತದೆ. ನೀವು ಹೆಸರನ್ನು ಹಾಡಿ, ಮಗು ಅದೇ ರಾಗದಲ್ಲಿ "ಬಂದಿದ್ದೇನೆ" ಎನ್ನಲಿ. ದಿನಕ್ಕೆ ಮೂರು ನಿಮಿಷ, ಪ್ರತಿ ಮಗುವೂ ಒಬ್ಬೊಬ್ಬರಾಗಿ ಹಾಡಿದಂತಾಯಿತು, ಯಾರಿಗೂ ಸಂಕೋಚವಿಲ್ಲದೆ.

ಮಾತ್ರೆಗಣ

ನಾನು ಛಂದಸ್ಸು ಓದಿದವನು, ಪುಟ್ಟ ಮಕ್ಕಳ ಶಾಲೆಯಲ್ಲಿ ವಾರಕ್ಕೆರಡು ದಿನ ಕಥೆ ಹೇಳಲು ಹೋಗುತ್ತೇನೆ. ಲಯಕ್ಕೆ ವಾದ್ಯವೇ ಬೇಕಿಲ್ಲ, ನಮ್ಮ ಮಾತೇ ಸಾಕು ಎಂಬುದು ನನ್ನ ಅನುಭವ. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಆನೆ. ಬೆಕ್ಕು. ಕಪ್ಪೆ. ಗುಬ್ಬಿ. ಚಿಟ್ಟೆ. ಆಮೆ. ಇವೆಲ್ಲ ಒಂದು ಗುರು (ಎರಡು ಮಾತ್ರೆ ಕಾಲ ಹಿಡಿಯುವ ಅಕ್ಷರ), ಒಂದು ಲಘು (ಒಂದು ಮಾತ್ರೆಯದು): ಮೂರು ಮಾತ್ರೆ. ನವಿಲು, ಕುದುರೆ, ಅಳಿಲು, ಮೊಸಳೆ ಮೂರು ಲಘುಗಳು: ಇವೂ ಮೂರು ಮಾತ್ರೆ. ಮೊದಲ ಗುಂಪಿಗೆ ಎರಡು ಚಪ್ಪಾಳೆ, ಎರಡನೆಯದಕ್ಕೆ ಮೂರು ಚಪ್ಪಾಳೆ. ಆದರೆ ಕಾಲ ಒಂದೇ. ಹಾಗಾಗಿ "ಆನೆ ಆನೆ ನವಿಲು ಆನೆ" ಎಂದು ನಡೆಯುತ್ತಾ ಹೇಳಿದರೆ ಪ್ರತಿ ಪ್ರಾಣಿಗೂ ಒಂದೊಂದೇ ಹೆಜ್ಜೆ ಬೀಳುತ್ತದೆ, ಕೈ ಮಾತ್ರ ಬೇರೆ ಬೇರೆ ಲೆಕ್ಕ ಹಾಕುತ್ತದೆ. ಪಾರಿವಾಳ ಬಂದರೆ ಆರು ಮಾತ್ರೆ, ಎರಡು ಹೆಜ್ಜೆ ಬೇಕು. ಹಾಗೆ ಹೆಜ್ಜೆ ಉಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಅಚ್ಚರಿಯನ್ನು ನೀವು ನೋಡಬೇಕು. ಗುರು ಲಘು ಎಂಬ ಹೆಸರುಗಳನ್ನು ನಾನು ಅವರಿಗೆ ಎಂದೂ ಹೇಳಿಲ್ಲ. "ಆ" ಉದ್ದ, "ನೆ" ಗಿಡ್ಡ ಎಂದು ಅವರೇ ಹೇಳಿದ್ದಾರೆ.

ಪ್ರಾಣಿಗಳ ಚಿತ್ರದ ಕಾರ್ಡುಗಳನ್ನು ನಾಲ್ಕು ನಾಲ್ಕಾಗಿ ನೆಲದ ಮೇಲೆ ಜೋಡಿಸಿದರೆ ಅದೇ ಅವರ ಸ್ವರಲಿಪಿ. ಒಂದು ಮಗು ಬಂದು ಎರಡು ಕಾರ್ಡು ಅದಲು ಬದಲು ಮಾಡುತ್ತದೆ, ಇಡೀ ತರಗತಿ ಹೊಸ ಲಯವನ್ನು ಓದುತ್ತದೆ. ಓದಲು ಬಾರದ ಮಕ್ಕಳು ಎಡದಿಂದ ಬಲಕ್ಕೆ ಓದುತ್ತಿರುತ್ತಾರೆ!

ಒಂದು ಎಚ್ಚರಿಕೆ. ಕಾಲಿನಲ್ಲಿ ಸಮನಡೆ, ಕೈಯಲ್ಲಿ ಅಕ್ಷರದ ಲೆಕ್ಕ, ಎರಡನ್ನೂ ಒಟ್ಟಿಗೆ ಮಾಡುವುದು ಮೂರೂವರೆಯವರಿಗೆ ಆಗುವುದಿಲ್ಲ. ಅವರಿಗೆ ಹೆಜ್ಜೆ ಮಾತ್ರ ಸಾಕು. ಐದರ ಹತ್ತಿರದವರನ್ನು ಎರಡು ಗುಂಪು ಮಾಡಿ, ಒಂದು ಗುಂಪು ನಡೆಯಲಿ, ಇನ್ನೊಂದು ತಟ್ಟಲಿ. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ಅವರು ಲಯವನ್ನು ಮೊದಲು ಕಾಲಿಗೆ ಕಲಿಸಿದ್ದು ಇದೇ ಕಾರಣಕ್ಕೆ. ಸ್ವರ ನುಡಿಸಬಲ್ಲ ದೊಡ್ಡ ವಿದ್ಯಾರ್ಥಿಗಳಿಗೂ ಲಯ ಮೈಗೆ ಹತ್ತಿಲ್ಲ ಎಂಬುದನ್ನು ಕಂಡು ಅವರು ನಡೆಯಿಸಲು ಶುರು ಮಾಡಿದರು.

ಪುಟ್ಟಹೆಜ್ಜೆ

ಮಾತ್ರೆಗಣ ಅವರೇ, ಓದುತ್ತಾ ಓದುತ್ತಾ ನಾನೇ ಕೋಣೆಯಲ್ಲಿ ನಡೆದು ನೋಡಿದೆ. ಇದು ನಾಳೆಯೇ ಬೇಕು.

ಇನ್ನೊಂದು ತೊಡಕು ಹೇಳುತ್ತೇನೆ. "ಎತ್ತರದ ದನಿ ಯಾವುದು, ತಗ್ಗಿನ ದನಿ ಯಾವುದು" ಎಂದು ಕೇಳಿದರೆ ಮಕ್ಕಳು ಜೋರಾಗಿ ಕಿರುಚುತ್ತಾರೆ ಅಥವಾ ಪಿಸುಗುಡುತ್ತಾರೆ. ಲೋಟದ ಚಟುವಟಿಕೆ ಇದಕ್ಕೇ ಇಟ್ಟಿದ್ದೆ. ನೀರು ಹೆಚ್ಚಾದಂತೆ ಸ್ವರ ಏರುತ್ತದೆ ಅಲ್ಲವೇ?

ಸ್ವರಸಾಲು

ಅಲ್ಲ, ಇಲ್ಲಿ ಬಹಳ ಜನ ತಪ್ಪುತ್ತಾರೆ. ಲೋಟವನ್ನು ಚಮಚದಿಂದ ತಟ್ಟಿದಾಗ ಕಂಪಿಸುವುದು ಗಾಜು. ನೀರು ಹೆಚ್ಚಿದಷ್ಟೂ ಆ ಕಂಪನ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ. ಸೀಸೆಯ ಬಾಯಿಗೆ ಊದಿದಾಗ ಕಂಪಿಸುವುದು ಒಳಗಿನ ಗಾಳಿ. ನೀರು ಹೆಚ್ಚಿದಷ್ಟೂ ಗಾಳಿಯ ಜಾಗ ಕಡಿಮೆ, ಸ್ವರ ಏರುತ್ತದೆ. ಒಂದೇ ನೀರು, ಎರಡು ತದ್ವಿರುದ್ಧ ಉತ್ತರ. ಊದುವುದನ್ನು ನೀವು ಮಾಡಿ ತೋರಿಸಿ, ತಟ್ಟುವುದನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದು ಮಗುವಿನಿಂದ ಮಾಡಿಸಿ. ಗಾಜು ಗುಂಪಿನ ನಡುವೆ ಬೇಡ.

ಎತ್ತರ ತಗ್ಗಿನ ಗೊಂದಲಕ್ಕೆ ಮಕ್ಕಳು ಕಾರಣರಲ್ಲ. ನಮ್ಮ ಭಾಷೆಯಲ್ಲಿ "ದನಿ ಎತ್ತು" ಎಂದರೆ ಜೋರಾಗಿ ಮಾತಾಡು ಎಂದೇ ಅರ್ಥ. "ದನಿ ತಗ್ಗಿಸು" ಎಂದರೆ ಮೆಲ್ಲಗೆ ಮಾತಾಡು. ಮಕ್ಕಳು ಕನ್ನಡವನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ಅದಕ್ಕೇ ನಾನು ಶುರುವಿನಲ್ಲಿ "ದಪ್ಪ ದನಿ, ತೆಳು ದನಿ" ಎನ್ನುತ್ತೇನೆ. ಕರಡಿಯ ದನಿ, ಗುಬ್ಬಿಯ ದನಿ. ಆಮೇಲೆ ಕರಡಿ ಮೆಲ್ಲಗೂ ಮಾತಾಡಬಹುದು, ಗುಬ್ಬಿ ಜೋರಾಗಿಯೂ ಕೂಗಬಹುದು ಎಂದು ಆಡಿಸಿದರೆ ಎರಡೂ ಬೇರೆ ಎಂಬುದು ತಿಳಿಯುತ್ತದೆ. ಝೈಲೋಫೋನನ್ನು ಏಣಿಯಂತೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ, ಉದ್ದದ ಪಟ್ಟಿ ಕೆಳಗೆ, ಗಿಡ್ಡ ಪಟ್ಟಿ ಮೇಲೆ. ಈಗ "ಮೇಲಿನ ಸ್ವರ" ಎನ್ನುವ ಮಾತಿಗೆ ಕಣ್ಣಿಗೆ ಕಾಣುವ ಅರ್ಥ ಬಂತು. ಸ್ವರ ಏರಿದಂತೆ ಮಕ್ಕಳು ಕುಕ್ಕರಗಾಲಿನಿಂದ ಎದ್ದು ಕೈ ಚಾಚಲಿ.

ಆ ಒಂದೇ ಝೈಲೋಫೋನಿನ ಜಗಳಕ್ಕೂ ಉಪಾಯವಿದೆ. ಪಟ್ಟಿಗಳನ್ನು ಬಿಚ್ಚಲು ಬರುವಂತಿದ್ದರೆ ಮ ಮತ್ತು ನಿ ತೆಗೆದುಬಿಡಿ. ಗ-ಮ, ನಿ-ಸ ನಡುವಿನ ಅರ್ಧ ಅಂತರಗಳೇ ಒಟ್ಟಿಗೆ ಬಾರಿಸಿದಾಗ ಕಿವಿಗೆ ಒರಟಾಗುವುದು. ಉಳಿದ ಸ ರಿ ಗ ಪ ದ, ಮೋಹನ ರಾಗದ ಸ್ವರಗಳು. ಇಬ್ಬರು ಮಕ್ಕಳು ಎದುರುಬದುರು ಕುಳಿತು ಏನೇ ಬಾರಿಸಿದರೂ ಹಿತವಾಗಿಯೇ ಇರುತ್ತದೆ. ಜರ್ಮನಿಯ ಕಾರ್ಲ್ ಆರ್ಫ್ (1895–1982) ಮತ್ತು ಗುನಿಲ್ಡ್ ಕೀಟ್‌ಮನ್ ರೂಪಿಸಿದ ಬೋಧನೆಯಲ್ಲಿ ಮಕ್ಕಳು ತಾವೇ ರಾಗ ಕಟ್ಟುವುದು ಈ ಐದು ಸ್ವರಗಳಿಂದಲೇ ಶುರುವಾಗುತ್ತದೆ.

ಕಿವಿಗೊಡು

ಎಲ್ಲರೂ ಚಟುವಟಿಕೆಗಳ ಬಗ್ಗೆ ಬರೆಯುತ್ತಿದ್ದೀರಿ. ನನಗೆ ಮೇಜಿನಡಿ ಹೋದ ಹುಡುಗನ ಚಿಂತೆ.

ಕೆಲವು ಮಕ್ಕಳಿಗೆ ಗದ್ದಲ ನಿಜಕ್ಕೂ ನೋವು ಕೊಡುತ್ತದೆ. ಅದು ಹಠವಲ್ಲ. ಅವನನ್ನು ಗುಂಪಿಗೆ ಎಳೆದು ತರಬೇಡಿ. ಕೋಣೆಯ ಒಂದು ಮೂಲೆಯಲ್ಲಿ ದಿಂಬು ಹಾಕಿ, ಕಿವಿಗೆ ಮುಚ್ಚುಗೆ ಇದ್ದರೆ ಅಲ್ಲಿಡಿ. ಹೋಗುವುದು, ಬರುವುದು ಅವನ ಇಷ್ಟ. ಜೋರು ಸದ್ದಿಗೆ ಮುನ್ನ ಅವನಿಗೆ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, "ನಿಲ್ಲು" ಎಂಬ ಕೆಂಪು ಕಾರ್ಡನ್ನು ಅವನ ಕೈಗೆ ಕೊಡಿ. ಕಾರ್ಡು ಎತ್ತಿದರೆ ಇಡೀ ತರಗತಿ ನಿಲ್ಲಬೇಕು. ಸದ್ದು ತನ್ನ ಹಿಡಿತದಲ್ಲಿದೆ ಎಂದು ಗೊತ್ತಾದರೆ ಭಯ ಅರ್ಧ ಇಳಿಯುತ್ತದೆ.

ಮುಚ್ಚಿದ ಕೋಣೆಯಲ್ಲಿ 22 ಮಕ್ಕಳು ಒಟ್ಟಿಗೆ ಬಾರಿಸುವುದು ಎಲ್ಲರ ಕಿವಿಗೂ ಭಾರ. ವಿಶ್ವ ಆರೋಗ್ಯ ಸಂಸ್ಥೆ ಆಲಿಸುವ ಸಾಧನಗಳಿಗೆ ಮಕ್ಕಳಿಗಾಗಿ ಇಟ್ಟಿರುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬಲ್. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ. ಆರಾರು ಜನ ಬಾರಿಸಲಿ, ಉಳಿದವರು ಕೇಳಲಿ.

ಕಿವಿ ಕೇಳಿಸದ ಮಗು ನಿಮ್ಮ ತರಗತಿಗೆ ಬಂದರೆ ಸಂಗೀತದ ಹೊತ್ತಿನಲ್ಲಿ ಚಿತ್ರ ಬರೆಯಲು ಕೂರಿಸಬೇಡಿ. ಡೋಲಿನ ಮೈಗೆ ಅಂಗೈ ಇಡಿಸಿ, ಬಲೂನನ್ನು ಎದೆಗೆ ಅಪ್ಪಿಕೊಳ್ಳಲು ಕೊಟ್ಟು ಅದರ ಹತ್ತಿರ ಬಾರಿಸಿ. ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನಿ ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಬಹುಪಾಲು ಶ್ರವಣಶಕ್ತಿ ಕಳೆದುಕೊಂಡವರು. ಕಂಪನ ಪಾದಕ್ಕೆ ತಿಳಿಯಲೆಂದು ಬರಿಗಾಲಿನಲ್ಲಿ ನಿಂತು ನುಡಿಸುತ್ತಾರೆ.

ಮೆಲುದನಿ

ಗಿಲಕಿ ಮಾಡಿಸುವವರಿಗೆ ಒಂದು ಮಾತು. ಮೂರು ವರ್ಷದೊಳಗಿನವರ ಆಟಿಕೆಗಳ ಬಿಡಿಭಾಗಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಗಂಟಲಿಗೂ ಸಿಕ್ಕಿಕೊಳ್ಳಬಹುದು. ಕಾಳು, ಮಣಿ, ಕಲ್ಲು ಎಲ್ಲವೂ ಅದಕ್ಕಿಂತ ಸಣ್ಣವು. ಆದ್ದರಿಂದ ತುಂಬಿಸುವುದು ನಿಮ್ಮ ಕಣ್ಣೆದುರು, ಮುಚ್ಚಳಕ್ಕೆ ಅಂಟು ಹಾಕಿ ಮೇಲೆ ಪಟ್ಟಿ ಸುತ್ತುವುದು ನಿಮ್ಮ ಕೈಯಿಂದ. ಬಾಯಿಂದ ಊದುವ ವಾದ್ಯವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಡಿ.

ಗಿಲಕಿ ಸಿದ್ಧವಾದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಒಂದೇ ಬಗೆಯ ಡಬ್ಬಗಳನ್ನು ಎರಡೆರಡರಂತೆ ಒಂದೇ ವಸ್ತುವಿನಿಂದ ತುಂಬಿ, ಕಲಸಿಟ್ಟು, ಕಿವಿಯಿಂದಲೇ ಜೋಡಿ ಹುಡುಕಲು ಹೇಳಿ. ಮರಳಿನದೂ ಕಲ್ಲಿನದೂ ಬೇಗ ಸಿಗುತ್ತವೆ. ಮರಳಿನದೂ ರವೆಯಷ್ಟು ನುಣ್ಣನೆಯ ಪುಡಿಯದೂ ಪಕ್ಕದಲ್ಲಿದ್ದಾಗ ಕೋಣೆ ತಾನಾಗಿ ನಿಶ್ಶಬ್ದವಾಗುತ್ತದೆ.

ತೆರೆದಬಾಗಿಲು

ಎಲ್ಲರ ಮಾತೂ ಸರಿ, ಆದರೆ ವಾಸ್ತವ ಒಂದಿದೆ. ಶುಕ್ರವಾರ ಪೋಷಕರು ಬರುತ್ತಾರೆ, "ಏನು ಕಲಿತರು ತೋರಿಸಿ" ಎನ್ನುತ್ತಾರೆ. ಒಂದು ಹಾಡನ್ನಾದರೂ ಸಾಲಾಗಿ ನಿಲ್ಲಿಸಿ ಹಾಡಿಸಲೇಬೇಕಲ್ಲವೇ? ನಮ್ಮಲ್ಲಿ ಹಾಗೆಯೇ ಮಾಡುತ್ತೇವೆ, ಮಕ್ಕಳಿಗೂ ಧೈರ್ಯ ಬರುತ್ತದೆ.

ಮರದಡಿ

ಕೆಲವರಿಗೆ ಬರುತ್ತದೆ. ಕೆಲವರಿಗೆ ಇರುವುದೂ ಹೋಗುತ್ತದೆ. ಸಾಲಾಗಿ ನಿಲ್ಲಿಸುವ ತಾಲೀಮು ಶುರುವಾದ ದಿನ ಆಟ ನಿಲ್ಲುತ್ತದೆ ಎಂಬುದು ನಾನು ಮತ್ತೆ ಮತ್ತೆ ಕಂಡದ್ದು. ಅದರ ಬದಲು ಪೋಷಕರನ್ನು ನೆಲದ ಮೇಲೆ, ಮಕ್ಕಳ ನಡುವೆ ಕೂರಿಸಿ. ಎಂದಿನ ಹದಿನೈದು ನಿಮಿಷ ಎಂದಿನಂತೆ ನಡೆಯಲಿ. ಕೋಲು ಎಬ್ಬಿಸುವುದು, ಮಲಗಿಸುವುದು, ಪ್ರಾಣಿಗಳ ಕಾರ್ಡು ಓದುವುದು ಹೇಗೆಂದು ಮಕ್ಕಳೇ ಅಪ್ಪ ಅಮ್ಮನಿಗೆ ಕಲಿಸಲಿ.

ತೆರೆದಬಾಗಿಲು

ಸಾಲಾಗಿ ಹಾಡಿಸುವುದನ್ನು ನಾನು ಪೂರ್ತಿ ಬಿಡುವುದಿಲ್ಲ, ಇಷ್ಟಪಟ್ಟು ಮುಂದೆ ಬರುವ ಮಕ್ಕಳಿಗೆ ಅದು ಇರಲಿ. ಆದರೆ ಪೋಷಕರನ್ನು ನೆಲದ ಮೇಲೆ ಕೂರಿಸುವ ಯೋಚನೆ ಇಷ್ಟವಾಯಿತು, ಈ ಸಲ ಮಾಡಿ ನೋಡುತ್ತೇನೆ.

ಪುಟ್ಟಹೆಜ್ಜೆ (ಒಂಬತ್ತು ದಿನಗಳ ನಂತರ)

ಎಲ್ಲರಿಗೂ ಮನಸಾರೆ ವಂದನೆ. ನಡೆದದ್ದನ್ನು ಹೇಳಬೇಕು.

ನಾಲ್ಕನ್ನೇ ಉಳಿಸಿಕೊಂಡೆ: ಹಾಜರಿಯ ಎರಡು ಸ್ವರ, ಒಂದು ಹೊಸ ಹಾಡು, ಪ್ರಾಣಿಗಳ ಹೆಜ್ಜೆ, ಗಿಲಕಿಯ ಜೋಡಿ ಹುಡುಕುವ ಆಟ. ಮೊದಲೆರಡು ದಿನ ವಾದ್ಯದ ಬುಟ್ಟಿ ಹೊರಗೇ ಬರಲಿಲ್ಲ. ಹೊಸ ಹಾಡನ್ನು ಮೂರನೆಯ ದಿನ ಸಾಲಿನ ಕೊನೆಯಲ್ಲಿ ನಿಲ್ಲಿಸಿದಾಗ ಮೊದಲು ಮೌನ, ಆಮೇಲೆ ಹಿಂದಿನಿಂದ ಒಂದು ಸಣ್ಣ ದನಿ. ವರ್ಷವಿಡೀ ಗುಂಪಿನಲ್ಲಿ ಮಾತಾಡದಿದ್ದ ಹುಡುಗಿ ಅವಳು.

ಪ್ರಾಣಿಗಳ ಹೆಜ್ಜೆಯಲ್ಲಿ ಸಣ್ಣವರು ಮೂರನೆಯ ಕಾರ್ಡಿಗೆ ಬರುವಷ್ಟರಲ್ಲಿ ಓಡಲು ಶುರು ಮಾಡುತ್ತಿದ್ದರು. ನನ್ನ ನಡೆ ನಿಧಾನವಾಗಿತ್ತು. ಅವರ ವೇಗಕ್ಕೆ ಏರಿಸಿದ ಮೇಲೆ ಸರಿಹೋಯಿತು. ಕಾರ್ಡು ಬದಲಿಸುವಾಗ ಒಬ್ಬಳು ನಾಲ್ಕೂ ಕಡೆ ಪಾರಿವಾಳವನ್ನೇ ಇಡಬೇಕೆಂದು ಕೇಳಿದಳು. ಸಹಾಯಕಿ ಇನ್ನೂ ಮೂರು ಪಾರಿವಾಳ ಬರೆದುಕೊಟ್ಟರು.

ಮೇಜಿನಡಿಯ ಹುಡುಗ ಕೆಂಪು ಕಾರ್ಡನ್ನು ಮೊದಲ ದಿನ ಹನ್ನೊಂದು ಸಲ ಎತ್ತಿದ. ಹನ್ನೊಂದು ಸಲವೂ ನಿಂತೆವು. ಎರಡನೆಯ ದಿನ ನಾಲ್ಕು ಸಲ. ನಿನ್ನೆ ಒಮ್ಮೆ ಎತ್ತಿದವನು ಕೋಣೆ ಪೂರ್ತಿ ನಿಶ್ಶಬ್ದವಾಗುವವರೆಗೆ ಕಾದು, ಕಾರ್ಡನ್ನು ನೆಲದ ಮೇಲಿಟ್ಟು, ಎರಡು ಕೋಲು ತೆಗೆದುಕೊಂಡು ತಾನೊಬ್ಬನೇ ಮೆಲ್ಲಗೆ ತಟ್ಟಿದ: ಆನೆ, ಆನೆ, ನವಿಲು, ಆನೆ.

ಮುಂದಿನ ವಾರದ ವಿಷಯ ಬೇರೆ ಇದೆ. ಆದರೂ ಹಾಜರಿಯನ್ನು ಹಾಡಿಯೇ ಕರೆಯುತ್ತೇನೆ, ಪ್ರಾಣಿಗಳ ಕಾರ್ಡುಗಳು ಬಾಗಿಲ ಪಕ್ಕದ ಗೋಡೆಯ ಮೇಲೇ ಇರುತ್ತವೆ. ಮಾತ್ರೆಗಣ ಅವರೇ, ನಾಲ್ಕು ಮಾತ್ರೆಯ ಪ್ರಾಣಿಗಳ ಪಟ್ಟಿ ಇದ್ದರೆ ಕೊಡುತ್ತೀರಾ? ಕೋಗಿಲೆ ಒಂದು ಸಿಕ್ಕಿದೆ.